ಖಾಲಿ ಪೀಪಾಯಿಯ ಬೆಲೆ

ಪುಣೆಯಲ್ಲಿರೋ ನೋಡುಗರೊಬ್ಬರು ಕೇಳಿದ್ದರು: ಎರಡೂ ಹನ್ನೆರಡು ವರ್ಷದ ಸಿಂಗಲ್ ಮಾಲ್ಟೇ, ಆದರೆ ಲೇಬಲ್ ಮೇಲೆ ‘ಶೆರಿ ಕ್ಯಾಸ್ಕ್’ ಅಂತಿದ್ದರೆ ಬೆಲೆ ಯಾಕೆ ಅಷ್ಟು ಜಾಸ್ತಿ? ಕೊಡಬಹುದಾ? ಉತ್ತರ ಹುಡುಕೋಕೆ ಸ್ಕಾಟ್ಲೆಂಡಿಗಿಂತ ಮೊದಲು ಸ್ಪೇನಿಗೆ ಹೋಗಬೇಕು.

ದಕ್ಷಿಣ ಸ್ಪೇನಿನ ಹೆರೆಸ್ ಊರಿನ ವೈನ್ ಶೆರಿ. ಊರಿನ ಹೆಸರು ಇಂಗ್ಲಿಷರ ಬಾಯಲ್ಲಿ ಹಾಗಾಯ್ತು. 19ನೇ ಶತಮಾನದಲ್ಲಿ ಬ್ರಿಟಿಷರಿಗೆ ಅದರ ಹುಚ್ಚು. ಹಡಗಲ್ಲಿ ಓಕ್ ಪೀಪಾಯಿಗಳಲ್ಲೇ ಬರ್ತಿತ್ತು, ಬಾಟಲಿಗೆ ತುಂಬ್ತಿದ್ದದ್ದು ಬ್ರಿಟನ್ನಿನಲ್ಲಿ. ಖಾಲಿ ಪೀಪಾಯಿಯನ್ನ ವಾಪಸ್ ಕಳಿಸೋ ಬದಲು ವಿಸ್ಕಿಯವರಿಗೆ ಅಗ್ಗಕ್ಕೆ ಮಾರ್ತಿದ್ದರು. ನಮ್ಮ ಮನೆಗಳಲ್ಲಿ ಎಣ್ಣೆ ಖಾಲಿಯಾದ ಡಬ್ಬಕ್ಕೆ ಅಕ್ಕಿ ತುಂಬಿಡ್ತಿದ್ರಲ್ಲ, ಹಾಗೇ. ರುಚಿ ಬಂದದ್ದು ಆಮೇಲಿನ ಲಾಭ. ಗ್ಲಾಸ್ಗೋದ ವ್ಯಾಪಾರಿ ಡಬ್ಲ್ಯು. ಪಿ. ಲೌರಿ, ಪೀಪಾಯಿಗೆ ಬೇಕಂತಲೇ ಶೆರಿ ತುಂಬಿ ಹದ ಮಾಡೋ ಕೆಲಸ ಶುರು ಮಾಡಿದವರಲ್ಲಿ ಒಬ್ಬ.

20ನೇ ಶತಮಾನದಲ್ಲಿ ಶೆರಿ ಕುಡಿಯೋರು ಕಡಿಮೆಯಾದರು. ಪ್ಯಾಕ್ಸರೆಟ್ ಅನ್ನೋ ಗಟ್ಟಿ ಸಿಹಿ ವೈನನ್ನ ಹಳೇ ಪೀಪಾಯಿಗೆ ಒತ್ತಡದಿಂದ ಕುಡಿಸೋ ಅಡ್ಡದಾರಿಯೂ ಇತ್ತು, ಅದೂ ನಿಂತಿತು. 1980ರ ದಶಕದಲ್ಲಿ ಶೆರಿಯನ್ನ ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕು ಅಂತಾದ ಮೇಲೆ ಸಾಗಣೆಯ ಪೀಪಾಯಿ ಅನ್ನೋದೇ ಉಳಿಯಲಿಲ್ಲ.

ಈಗ ಏನ್ ಮಾಡ್ತಾರೆ? ವಿಸ್ಕಿಗೋಸ್ಕರವೇ ಹೊಸ ಪೀಪಾಯಿ ಕಟ್ಟಿ, ಒಂದೆರಡು ವರ್ಷ ಶೆರಿ ತುಂಬಿಟ್ಟು, ಖಾಲಿ ಮಾಡಿ ಸ್ಕಾಟ್ಲೆಂಡಿಗೆ ಕಳಿಸ್ತಾರೆ. ಆ ಶೆರಿ ಹೆಚ್ಚಾಗಿ ಬ್ರಾಂದಿಗೋ ವಿನಿಗರ್‌ಗೋ ಹೋಗುತ್ತೆ. ಅಮೆರಿಕದ ಬರ್ಬನ್ ಪೀಪಾಯಿ ಕಥೆ ಉಲ್ಟಾ: ಬರ್ಬನ್‌ಗೆ ಪ್ರತಿ ಸಲ ಹೊಸ ಓಕೇ ಬೇಕು ಅನ್ನೋ ಕಾನೂನಿರೋದರಿಂದ ಬಳಸಿದ ಪೀಪಾಯಿ ರಾಶಿ ಬೀಳುತ್ತೆ, ಅಗ್ಗ. ಹಾಗಾಗಿ ಶೆರಿ ಬಾಟಲಿಯ ಹೆಚ್ಚಿನ ಬೆಲೆ ಪೂರಾ ಸುಳ್ಳಲ್ಲ. ಆದರೆ ಎಲ್ಲ ಬಾಟಲಿಗೂ ಆ ಖರ್ಚು ಆಗಿರಲ್ಲ. ‘ಫಿನಿಶ್’ ಅಂತಿದ್ದರೆ ವಿಸ್ಕಿ ಬೇರೆ ಪೀಪಾಯಿಯಲ್ಲಿ ಬೆಳೆದು, ಕೊನೆಗೆ ಸ್ವಲ್ಪ ಕಾಲ ಮಾತ್ರ ಶೆರಿ ಪೀಪಾಯಿಯಲ್ಲಿ ಇದ್ದದ್ದು.

ರುಚಿ ನೋಡುವಾಗ ಬಣ್ಣ ನಂಬಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಹಾಕೋಕೆ ಕಾನೂನೇ ಬಿಡುತ್ತೆ. ಮೂಸಿ. ಒಣದ್ರಾಕ್ಷಿ, ಉತ್ತತ್ತಿ, ಅಕ್ರೋಟು, ಕಿತ್ತಳೆ ಸಿಪ್ಪೆ, ಲವಂಗ – ದೀಪಾವಳಿ ಸಾಮಾನು ಕಟ್ಟೋ ಅಂಗಡಿ ಮುಂದೆ ನಿಂತ ಹಾಗೆ. ಗೀರಿದ ಬೆಂಕಿಕಡ್ಡಿ ವಾಸನೆ ಬಂದರೆ ಗಂಧಕ. ಖಾಲಿ ಪೀಪಾಯಿ ಕೆಡದಿರಲಿ ಅಂತ ಒಳಗೆ ಸುಡ್ತಿದ್ದದ್ದರ ಗುರುತು. ಸ್ವಲ್ಪ ಇದ್ದರೆ ಕೆಲವರಿಗೆ ಇಷ್ಟ, ನನಗಿಲ್ಲ. ನಾಲ್ಕು ಹನಿ ನೀರು ಹಾಕಿ, ಹತ್ತು ನಿಮಿಷ ಬಿಡಿ. ಆಮೇಲೂ ಬಾರ್ಲಿಯ ರುಚಿ ಸಿಗದೆ ಬರೀ ಸಿಹಿ, ಹಿಂದೆಯೇ ಅತಿಯಾಗಿ ಕುದಿಸಿದ ಟೀ ಥರ ಒಗರು ಬಂದರೆ, ಮರ ವಿಸ್ಕಿಯನ್ನ ನುಂಗಿಬಿಟ್ಟಿದೆ.

ವಯಸ್ಸಿನ ಸಂಖ್ಯೆಯನ್ನೂ ಊರು ನೋಡಿ ಓದಬೇಕು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುತ್ತೆ, ಬೆಂಗಳೂರಿನಲ್ಲಿ ಶೇ. 10ಕ್ಕೂ ಹೆಚ್ಚು. ನಮ್ಮ ಅಮೃತ್‌ನವರು 2010ರಲ್ಲಿ ತಂದ ‘ಇಂಟರ್‌ಮೀಡಿಯೆಟ್ ಶೆರಿ’ ಬರ್ಬನ್ ಪೀಪಾಯಿಯಿಂದ ಶೆರಿಗೆ, ಅಲ್ಲಿಂದ ಮತ್ತೆ ಬರ್ಬನ್‌ಗೆ ಹೋಗಿ ಬಂದದ್ದು. ಬೆಂಗಳೂರಿನ ಸೆಕೆಗೆ ಆ ಲೆಕ್ಕಾಚಾರ ಜಾಣತನದ್ದು ಅನ್ನೋದು ನನ್ನ ಅಭಿಪ್ರಾಯ.

‘ವಿಸ್ಕಿ ಕೊಂಡಿಡಿ, ಇನ್ವೆಸ್ಟ್‌ಮೆಂಟ್’ ಅನ್ನೋ ಮೆಸೇಜು ನಿಮಗೂ ಬಂದಿರುತ್ತೆ. ಅದರಲ್ಲಿ ಉದಾಹರಣೆ ಯಾವಾಗಲೂ ಒಂದೇ: 1926ರ ಮಕ್ಯಾಲನ್. 60 ವರ್ಷ ಶೆರಿ ಪೀಪಾಯಿಯಲ್ಲಿದ್ದು, 1986ರಲ್ಲಿ ಬರೀ 40 ಬಾಟಲಿ ಆಗಿತ್ತು; ಒಂದು 2023ರ ನವೆಂಬರಿನಲ್ಲಿ ಲಂಡನ್ ಹರಾಜಲ್ಲಿ 20 ಲಕ್ಷ ಪೌಂಡ್ ದಾಟಿತು. ಅದು ಕುಡಿಯೋ ವಸ್ತುವಿನ ಬೆಲೆಯೇ ಅಲ್ಲ, ಡ್ಯೂಟಿ ಫ್ರೀಯಲ್ಲಿ ಸಿಗೋ ಬಾಟಲಿಗೂ ಅದಕ್ಕೂ ಸಂಬಂಧವಿಲ್ಲ. ಇಎಂಐ ಕಟ್ಟೋ ದುಡ್ಡನ್ನ ಅಲ್ಲಿ ಇಡಬೇಡಿ.

ಪುಣೆಯವರಿಗೆ ನನ್ನ ಉತ್ತರ: ಪೂರ್ತಿ ಶೆರಿ ಪೀಪಾಯಿಯಲ್ಲೇ ಬೆಳೆದದ್ದು, ಬಣ್ಣ ಹಾಕದ್ದು, ಶೇ. 46 ಅಥವಾ ಮೇಲೆ ಅಂತ ಲೇಬಲ್ ಹೇಳಿದರೆ ಒಂದೂವರೆ ಪಟ್ಟು ಕೊಡ್ತೀನಿ. ಬರೀ ಫಿನಿಶ್‌ಗೆ ಕೊಡಲ್ಲ. ಕೊಳ್ಳೋ ಮುಂಚೆ ಬಾರಲ್ಲಿ ಒಂದು 30 ಎಂಎಲ್ ಹಾಕಿಸಿ ನೋಡಿ.