ಡಿಜಿಟಲ್ ಖಾಸಗಿತನ

ವ್ಯಕ್ತಿಯ ಫೋನ್ ಸಂಖ್ಯೆ, ಬೆರಳಚ್ಚು, ಬ್ಯಾಂಕ್ ವಿವರ, ಓಡಾಟದ ಜಾಡು ಮೊದಲಾದ ಮಾಹಿತಿ ಯಾರ ಕೈಗೆ, ಯಾವ ಉದ್ದೇಶಕ್ಕೆ ಸೇರಬೇಕೆಂಬುದನ್ನು ಆ ವ್ಯಕ್ತಿಯೇ ನಿರ್ಧರಿಸುವ ಹಕ್ಕು.

ಕಾನೂನು: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ (1926–2024) ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2018ರ ತೀರ್ಪು ಆಧಾರ್ ಯೋಜನೆಯನ್ನು ಬಹುಮತದಿಂದ ಎತ್ತಿಹಿಡಿದರೂ ಬ್ಯಾಂಕ್ ಖಾತೆ, ಮೊಬೈಲ್ ಸಿಮ್‌ಗಳಿಗೆ ಅದರ ಜೋಡಣೆ ಕಡ್ಡಾಯವಲ್ಲವೆಂದಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು.

ಅಪಾಯ: ಬಾಗಲಕೋಟೆ ಜಿಲ್ಲೆಯ ತುಬಚಿಯಂಥ ಹಳ್ಳಿಗಳಲ್ಲೂ ಪಡಿತರಕ್ಕೆ ಹೆಬ್ಬೆರಳೇ ಗುರುತು. ಆಧಾರ್ ಆಧಾರಿತ ಪಾವತಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಒಟಿಪಿ ಇಲ್ಲದೆಯೇ ಹಣ ತೆಗೆಯಬಹುದು. 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರು, ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚಿನ ದುರ್ಬಳಕೆಯಿಂದ, ಹೀಗೆ ಹಣ ಕಳೆದುಕೊಂಡರು. ಪಾಸ್‌ವರ್ಡ್ ಬದಲಿಸಬಹುದು, ಬೆರಳಚ್ಚು ಬದಲಿಸಲಾಗದು. ಆದ್ದರಿಂದಲೇ ಇದರ ರಕ್ಷಣೆ ಎಲ್ಲಕ್ಕಿಂತ ಮುಖ್ಯ.

ರಕ್ಷಣೆ: ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಟ್ಟು, ಅಗತ್ಯವಿದ್ದಾಗ ಮಾತ್ರ ತೆರೆಯಬೇಕು. ಝೆರಾಕ್ಸ್ ಕೊಡುವಾಗ ಕೊನೆಯ 4 ಅಂಕಿಗಳಷ್ಟೇ ಕಾಣುವ ಆಧಾರ್ ಪ್ರತಿ ಸಾಕು. ಒಟಿಪಿ, ಯುಪಿಐ ಪಿನ್ ಯಾರಿಗೂ ಹೇಳಕೂಡದು. ಟಾರ್ಚ್ ಆ್ಯಪ್ ಸಂಪರ್ಕ ಪಟ್ಟಿಯ ಅನುಮತಿ ಕೇಳಿದರೆ ನಿರಾಕರಿಸಬೇಕು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಓದುಬರಹ ಬಾರದ ಹಿರಿಯರಿಗೆ ಇವನ್ನು ಮಾಡಿಕೊಡುವುದು ಮನೆಯ ಕಿರಿಯರ ಹೊಣೆ.