ಮಜ್ಜಿಗೆಯ ಗಡಿಗೆಯೂ ಚಹದ ಬಟ್ಟಲೂ

“ಮಜ್ಜಿಗೆಗೆ ಬಂದವನಿಗೆ ಎಮ್ಮೆಯ ಕ್ರಯವೇಕೆ?” ಎಂಬ ಗಾದೆಯನ್ನು ನಮ್ಮವರು ಅಧಿಕಪ್ರಸಂಗಿಯ ಬಾಯಿ ಮುಚ್ಚಿಸುವುದಕ್ಕೆ ಬಳಸುವುದುಂಟು. ಇತಿಹಾಸವನ್ನು ಓದುವವರಿಗೆ ಇದರಲ್ಲಿ ಬೇರೊಂದು ಸಂಗತಿಯೂ ಕಾಣುತ್ತದೆ. ಎಮ್ಮೆಗೆ ಕ್ರಯವಿದ್ದಿತು, ಮಜ್ಜಿಗೆಗೆ ಇರಲಿಲ್ಲ. ಕಡೆದ ಮನೆಯವರು ಬೆಣ್ಣೆಯನ್ನು ಇಟ್ಟುಕೊಂಡು ಮಜ್ಜಿಗೆಯನ್ನು ನೆರೆಯವರಿಗೆ ಹಂಚುತ್ತಿದ್ದರು. ಹಣವಿಲ್ಲದೆ ದೊರೆಯುತ್ತಿದ್ದ ನಿತ್ಯದ ಪಾನೀಯವು ಹಣ ತೆತ್ತು ಕೊಳ್ಳುವ ಪದಾರ್ಥವಾದುದು ಹೇಗೆ, ಅದರಿಂದ ನಮ್ಮ ಕೈಗೂ ಮೈಗೂ ಆದ ಲಾಭನಷ್ಟಗಳೇನು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ದೃಷ್ಟಾಂತಕ್ಕಾಗಿ ಮೆಣಸಗಿಯ ಸೀಮೆಯನ್ನು ತೆಗೆದುಕೊಳ್ಳುತ್ತೇವೆ. ಗದಗ ಜಿಲ್ಲೆಯ ರೋಣ ತಾಲೂಕಿನಲ್ಲಿ ಮಲಪ್ರಭೆಯ ಬಯಲಿಗೆ ಸೇರಿದ ಊರು ಇದು. ನೆಲ ಎರೆ, ಬೆಳೆ ಬಿಳಿಜೋಳ, ಬೇಸಗೆ ಕಠಿಣವಾದುದು. ಇಂತಹ ಸೀಮೆಯಲ್ಲಿ ಹೊಲಕ್ಕೆ ಹೋಗುವವನ ಬುತ್ತಿಯೊಡನೆ ಜೋಳದ ಅಂಬಲಿಯೋ ನೀರು ಮಜ್ಜಿಗೆಯೋ ಇರುತ್ತಿದ್ದುದು ಸಹಜವೇ. ಜೋಳದ ಹಿಟ್ಟನ್ನು ಕುದಿಸಿ, ಆರಿಸಿ, ಮಜ್ಜಿಗೆ ಬೆರಸಿ, ಉಪ್ಪು ಬೆಳ್ಳುಳ್ಳಿಗಳನ್ನು ಕೂಡಿಸಿದರೆ ಅದು ಬಾಯಾರಿಕೆಗೂ ಹಸಿವಿಗೂ ಒಂದೇ ಸಲಕ್ಕೆ ಒದಗುತ್ತದೆ. ಬೆವರಿನೊಡನೆ ದೇಹವು ಕಳೆದುಕೊಂಡ ನೀರನ್ನೂ ಉಪ್ಪನ್ನೂ ಅದು ಮರಳಿ ಕೊಡುತ್ತದೆ.

ಪಾನೀಯಗಳ ವಿಷಯದಲ್ಲಿ ಕನ್ನಡಿಗರ ಆಸಕ್ತಿ ಹಳೆಯದು. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ನೆಲದೊಳಗಿನ ನೀರನ್ನು ಕಂಡುಹಿಡಿಯುವ ವಿಚಾರವೂ ಪಾಕಶಾಸ್ತ್ರವೂ ಒಂದೇ ಗ್ರಂಥದಲ್ಲಿ ಸೇರಿವೆ. ಹದಿನಾರನೆಯ ಶತಮಾನದ ಮೊದಲಲ್ಲಿದ್ದ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ದಾರಿಹೋಕರಿಗೆ ಧರ್ಮಾರ್ಥವಾಗಿ ನೀರು ಕೊಡುವ ಅರವಟ್ಟಿಗೆಗೆ ದತ್ತಿ ಬಿಡುವುದು ನಮ್ಮ ಶಾಸನಗಳಲ್ಲಿ ಪುಣ್ಯಕಾರ್ಯವೆನಿಸಿದೆ. ರೋಣದಿಂದ ಬಹುದೂರವಿಲ್ಲದ ಸೂಡಿಯ ನಾಗಕುಂಡವನ್ನೂ ಲಕ್ಕುಂಡಿಯ ಮೆಟ್ಟಿಲ ಬಾವಿಗಳನ್ನೂ ನೋಡಿದವರಿಗೆ, ಆ ಕಾಲದವರು ನೀರಿಗೆ ಎಷ್ಟು ಶ್ರಮವನ್ನೂ ಶಿಲ್ಪವನ್ನೂ ವ್ಯಯಮಾಡಿದರೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟನ್ನು ಕೇಳಿ ಹಿಂದಿನದೆಲ್ಲ ಅಮೃತ, ಇಂದಿನದೆಲ್ಲ ವಿಷ ಎಂದು ತೀರ್ಮಾನಿಸಿದರೆ ಅದು ಇತಿಹಾಸವಾಗಲಾರದು. ಮೆಟ್ಟಿಲ ಬಾವಿಗಳು ನೋಟಕ್ಕೆ ಎಷ್ಟು ಸುಂದರವೋ ಆರೋಗ್ಯಕ್ಕೆ ಅಷ್ಟೇ ಅಪಾಯಕರವಾಗಬಲ್ಲವು. ನಾರುಹುಣ್ಣಾದವನು ನೀರಿಗಿಳಿದರೆ ಹುಳುವಿನ ಮರಿಗಳು ನೀರಿನಲ್ಲಿ ಬೀಳುವುವು. ಅವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನೀರುಚಿಗಟಗಳು ನುಂಗುವುವು. ಆ ನೀರನ್ನು ಕುಡಿದವನ ಕಾಲಿನಿಂದ ಸುಮಾರು ಒಂದು ವರ್ಷದ ಮೇಲೆ ಮೊಳದುದ್ದದ ಹುಳು ಹೊರಬೀಳುವುದು. ಭಾರತದಲ್ಲಿ ಈ ರೋಗವು ನೆಲೆಯೂರಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇದನ್ನು ಗೆದ್ದುದು ಔಷಧದಿಂದಲ್ಲ; ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದರಿಂದಲೂ, ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿದ್ದರಿಂದಲೂ, ಕೈಪಂಪುಗಳಿಂದಲೂ. ದೇಶದ ಕೊನೆಯ ರೋಗಿ ಕಂಡುಬಂದುದು 1996ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ದೊರೆತುದು 2000ದಲ್ಲಿ. ಜೈನರು ಅಹಿಂಸೆಗಾಗಿ ಪಾಲಿಸಿಕೊಂಡು ಬಂದಿದ್ದ ಸೋಸುವ ನಿಯಮವು ಹೀಗೆ ಆರೋಗ್ಯದ ನಿಯಮವೂ ಆಯಿತು. ಒಂದು ತುಂಡು ಬಟ್ಟೆಯ ಬೆಲೆಯಲ್ಲಿ ಒಂದು ಕುಟುಂಬದ ದುಡಿಮೆಯೇ ಉಳಿಯಿತು.

ಹಿಂದಿನ ವ್ಯವಸ್ಥೆಯ ಮತ್ತೊಂದು ದೋಷವನ್ನೂ ಮುಚ್ಚಿಡಬಾರದು. ಕ್ರಯವಿಲ್ಲದ ನೀರು ಎಲ್ಲರಿಗೂ ಸಮನಾಗಿ ದೊರೆಯುತ್ತಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರು ಬಾವಿಯನ್ನು ಮುಟ್ಟುವಂತಿರಲಿಲ್ಲ. ಮಜ್ಜಿಗೆಯನ್ನಾಗಲಿ ನೀರನ್ನಾಗಲಿ ಮೇಲಿನಿಂದ ಹೊಯ್ಯಿಸಿಕೊಂಡು ಬೊಗಸೆಯಲ್ಲಿ ಕುಡಿಯಬೇಕಾಗಿದ್ದಿತು. 1927ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡಿನ ಕೆರೆಯ ನೀರನ್ನು ಕುಡಿದುದು ಈ ಅನ್ಯಾಯಕ್ಕೆ ಉತ್ತರವಾಗಿ. ಆಗ ಮಹಾಡವೂ ನಮ್ಮ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೇ ಸೇರಿದ್ದುವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಬಾವಿ ಕೆರೆಗಳೊಡನೆ ಅಂಗಡಿ ಹೋಟೆಲುಗಳನ್ನೂ ಹೆಸರಿಸಿ, ಅಲ್ಲಿ ಭೇದ ಮಾಡಕೂಡದೆಂದು ವಿಧಿಸಿತು.

ಇನ್ನು ಚಹದ ಮಾತು. ಅಸ್ಸಾಮಿನ ಚಹ ಲಂಡನಿನಲ್ಲಿ ಮೊದಲು ಹರಾಜಾದುದು 1839ರಲ್ಲಿ. ಆ ಬಳಿಕ ಎಷ್ಟೋ ಕಾಲ ಅದು ಹೊರದೇಶದವರಿಗಾಗಿಯೇ ಬೆಳೆದ ಸರಕು. ನಮ್ಮ ರೈತನಿಗೆ ಅದರ ರುಚಿಯೇ ತಿಳಿಯದು. 1903ರಲ್ಲಿ ಚಹದ ರಫ್ತಿನ ಮೇಲೆ ಒಂದು ಸುಂಕವನ್ನು ಹಾಕಿ, ಅದರ ಉತ್ಪನ್ನವನ್ನು ಚಹದ ಪ್ರಚಾರಕ್ಕೆ ವಿನಿಯೋಗಿಸುವ ಕಾನೂನಾಯಿತು. ಆಮೇಲೆ ರೈಲು ನಿಲ್ದಾಣಗಳಲ್ಲಿ, ಗಿರಣಿಗಳಲ್ಲಿ, ಜಾತ್ರೆಗಳಲ್ಲಿ ಚಹ ಕಾಯಿಸಿ ತೋರಿಸಿದರು; ಬಿಟ್ಟಿಯಾಗಿ ಕುಡಿಸಿದರು; ಕಾಯಿಸುವ ಕ್ರಮವನ್ನು ಫಲಕಗಳಲ್ಲಿ ಬರೆದು ತೂಗಹಾಕಿದರು. 1937ರಲ್ಲಿ ಈ ಕೆಲಸ ನಡಸುತ್ತಿದ್ದ ಸಮಿತಿಗೆ ಚಹದ ಮಾರುಕಟ್ಟೆ ವಿಸ್ತರಣ ಮಂಡಲಿಯೆಂದೇ ಹೆಸರಾಯಿತು. ಸಣ್ಣ ಹರಳಿನಂತಹ ಅಗ್ಗದ ಚಹಪುಡಿಯು ಎರಡನೆಯ ಮಹಾಯುದ್ಧದ ತರುವಾಯ ಹಬ್ಬಿತು. ಸ್ವಲ್ಪ ಪುಡಿಯಿಂದ ಬಹಳ ಬಟ್ಟಲುಗಳಾಗುವುದರಿಂದ ಬಡವನ ಮನೆಗೂ ಹೊಕ್ಕಿತು. ಗದಗಿನಿಂದ ಹೊಳೆಆಲೂರಿನ ಮೇಲೆ ಹೋಗುವ ರೈಲುದಾರಿಯು 1884ರಿಂದಲೇ ಈ ಸೀಮೆಯನ್ನು ಹೊರಗಿನ ಪೇಟೆಗಳಿಗೆ ಜೋಡಿಸಿತ್ತು. ನಾವು ತಾನಾಗಿ ಬಂತೆಂದು ತಿಳಿದಿರುವ ಈ ಅಭ್ಯಾಸವು ಉದ್ದೇಶಪೂರ್ವಕವಾಗಿ ಕಲಿಸಲ್ಪಟ್ಟುದು ಎಂಬುದೇ ಇಲ್ಲಿ ಗಮನಿಸತಕ್ಕ ಅಂಶ. ಅತ್ತ ಹಾಲೂ ನಗದು ತರುವ ಸರಕಾಗಿ ಡೇರಿಗೆ ಹೋಗತೊಡಗಿದಾಗ, ಕಡೆಗೋಲಿಗೆ ಕೆಲಸ ಕಡಿಮೆಯಾಯಿತು.

ಈಗ ಲೆಕ್ಕವನ್ನು ನೋಡೋಣ. ಬಟ್ಟಲಿಗೆ 10 ರೂಪಾಯಿಯೆಂದು ಹಿಡಿದು, ದಿನಕ್ಕೆ ಮೂರು ಸಲ ಅಂಗಡಿಯಲ್ಲಿ ಚಹ ಕುಡಿದರೆ ವರ್ಷಕ್ಕೆ 10,950 ರೂಪಾಯಿ. ಎರಡು ಸಲದ್ದನ್ನು ಬಿಟ್ಟರೆ 7,300 ರೂಪಾಯಿ ಉಳಿಯುತ್ತದೆ. ಕೂಲಿಯ ಮನೆಗೆ ಇದು ಮಕ್ಕಳ ಬಟ್ಟೆ ಪುಸ್ತಕಗಳ ಹಣ. ಬಟ್ಟಲಿಗೆ 10 ಗ್ರಾಮು ಸಕ್ಕರೆಯೆಂದರೆ ಮೂರು ಬಟ್ಟಲಿಗೆ 30 ಗ್ರಾಮು, ವರ್ಷಕ್ಕೆ ಸುಮಾರು 11 ಕಿಲೋ. ದಿನಕ್ಕೆ 2,000 ಕ್ಯಾಲೊರಿಯ ಆಹಾರ ಉಣ್ಣುವವನಿಗೆ ಇಂತಹ ಸಕ್ಕರೆ 50 ಗ್ರಾಮನ್ನು ಮೀರಬಾರದು, 25 ಗ್ರಾಮಿನೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಕೊಟ್ಟ ಸಲಹೆಯ ತಾತ್ಪರ್ಯ. ಅಲ್ಲದೆ ಊಟದೊಡನೆ ಕುಡಿದ ಚಹವು ಆಹಾರದ ಕಬ್ಬಿಣದ ಅಂಶವು ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ರಕ್ತಹೀನತೆಯುಳ್ಳ ಹೆಂಗಸರು ಊಟಕ್ಕೂ ಚಹಕ್ಕೂ ನಡುವೆ ಒಂದು ಗಂಟೆಯ ಅಂತರವಿಟ್ಟರೆ, ಕಾಸಿನ ಖರ್ಚಿಲ್ಲದೆ ಪ್ರಯೋಜನ ಪಡೆಯುವರು.

ಚಹವನ್ನು ನಾವು ದೂಷಿಸುವುದಿಲ್ಲ. ಕುದಿಸಿದ ನೀರು ಕುದಿಸದ ಕೆರೆಯ ನೀರಿಗಿಂತ ಮೇಲು. ಕಾಸು ಕೊಟ್ಟವನ ಜಾತಿಯನ್ನು ಕೇಳದ ಚಹದಂಗಡಿಯ ಬೆಂಚು ಅರವಟ್ಟಿಗೆಗಿಂತ ಮೇಲು. ಆದರೆ ಕುದಿಸುವುದರಿಂದ ಎಲ್ಲ ದೋಷವೂ ಹೋಗುವುದಿಲ್ಲ. ಗದಗ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ, ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಅದು ಕಾಲಕ್ರಮದಲ್ಲಿ ಹಲ್ಲನ್ನೂ ಎಲುಬನ್ನೂ ಕೆಡಿಸುವುದು. ಕುದಿಸಿದರೆ ಅದು ಹೋಗದು. ಅಂತಹ ಊರಿನವರು ನೀರನ್ನು ಪರೀಕ್ಷೆ ಮಾಡಿಸಿ, ಶುದ್ಧೀಕರಿಸಿದ ನದಿಯ ನೀರನ್ನೋ ಸೋಸಿ ಸಂಗ್ರಹಿಸಿದ ಮಳೆಯ ನೀರನ್ನೋ ಕುಡಿಯುವುದು ಕ್ಷೇಮ. ಮಜ್ಜಿಗೆಗೆ ಬೆರಸುವ ನೀರಿಗೂ ಇದೇ ಮಾತು ಸಲ್ಲುತ್ತದೆ.

ಹಿಂದಿನವರಿಂದ ಮನೆಯ ಗಡಿಗೆಯನ್ನೂ, ಇಂದಿನವರಿಂದ ಶುದ್ಧವಾದ ನೀರನ್ನೂ ಎಲ್ಲರಿಗೂ ತೆರೆದ ಬಾಗಿಲನ್ನೂ ತೆಗೆದುಕೊಂಡರೆ ಸಾಕು. ಮುಂಜಾನೆ ಒಂದು ಬಟ್ಟಲು ಚಹವಿರಲಿ. ಹೊಲಕ್ಕೆ ಅಂಬಲಿಯೂ ಮಧ್ಯಾಹ್ನಕ್ಕೆ ಮಜ್ಜಿಗೆಯೂ ಮರಳಿ ಬರಲಿ. ಹೊರಗಿನವರು ಕಲಿಸಿದ ಒಂದು ಅಭ್ಯಾಸವನ್ನು ಎರಡು ತಲೆಮಾರಿನಲ್ಲಿ ಕಲಿತ ನಮಗೆ, ನಮ್ಮದೇ ಆದುದನ್ನು ಮತ್ತೆ ಕಲಿಯುವುದು ಅಸಾಧ್ಯವಲ್ಲ. ಮಜ್ಜಿಗೆಗೆ ಬಂದವನು ಎಮ್ಮೆಯ ಕ್ರಯವನ್ನು ಕೇಳಬೇಕಾಗಿಲ್ಲ. ಚಹಕ್ಕೆ ಹೋಗುವವನು ಮಾತ್ರ ವರ್ಷದ ಕ್ರಯವನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.