ಪಾದರಸದ ಮೇಲೆ ಕುಣಿಯುತ್ತಿದ್ದ ಕಿಡಿ

ಬಾಲ್ಟಿಕ್ ಸಮುದ್ರದಲ್ಲಿ ಸ್ವೀಡನ್ನಿಗೆ ಸೇರಿದ ಗಾಟ್ಲೆಂಡ್ ಎಂಬ ದ್ವೀಪವಿದೆ. ಸ್ವೀಡನ್ನಿನ ಮುಖ್ಯ ಭೂಭಾಗದಲ್ಲಿ ಜಲವಿದ್ಯುತ್ತು ಹೇರಳ. ದ್ವೀಪದಲ್ಲಿ ಅದಕ್ಕೆ ತಕ್ಕ ನದಿಯಿಲ್ಲ. ಇಂಧನ ಸುಟ್ಟು ಪಡೆಯುವ ವಿದ್ಯುತ್ತು ದುಬಾರಿ. ನಡುವೆ ಸುಮಾರು 100 ಕಿಲೋಮೀಟರ್ ಕಡಲು. ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಎ.ಸಿ. ವಿದ್ಯುತ್ತನ್ನು ಅಷ್ಟುದ್ದದ ಕೇಬಲ್ಲಿಗೆ ಬಿಟ್ಟರೆ, ಕೇಬಲ್ಲನ್ನು ತುಂಬುವುದು, ಬರಿದು ಮಾಡುವುದು ಇದರಲ್ಲೇ ಅದರ ಸಾಮರ್ಥ್ಯದ ದೊಡ್ಡ ಪಾಲು ಕಳೆದುಹೋಗುತ್ತದೆ. ಒಂದೇ ದಿಕ್ಕಿಗೆ ಹರಿಯುವ ಡಿ.ಸಿ.ಗೆ ಈ ರಗಳೆಯಿಲ್ಲ. ಆದರೆ ಈ ದಡದಲ್ಲಿ ಎ.ಸಿ.ಯನ್ನು ಡಿ.ಸಿ. ಮಾಡಿ, ಆ ದಡದಲ್ಲಿ ಮತ್ತೆ ಎ.ಸಿ. ಮಾಡುವ ಬಗೆ ಹೇಗೆ?

ಸಾಧನವೇನೋ ಇತ್ತು. ಅಮೆರಿಕದ ಪೀಟರ್ ಕೂಪರ್ ಹೆವಿಟ್ 1902ರಲ್ಲೇ ಪಾದರಸದ ರೆಕ್ಟಿಫೈಯರ್ ಕಂಡುಹಿಡಿದಿದ್ದ. ಗಾಳಿ ತೆಗೆದ ಗಾಜಿನ ಬುರುಡೆ, ತಳದಲ್ಲಿ ಒಂದಿಷ್ಟು ಪಾದರಸ, ಮೇಲ್ಗಡೆ ಆನೋಡುಗಳು. ಕಿಡಿ ಹೊತ್ತಿಸಿದರೆ ಪಾದರಸದ ಮೇಲೆ ಕಣ್ಣು ಕೋರೈಸುವ ಒಂದು ಚುಕ್ಕೆ ಮೂಡಿ, ನಿಂತಲ್ಲಿ ನಿಲ್ಲದೆ ಕುಣಿಯತೊಡಗುತ್ತದೆ. ಎಲೆಕ್ಟ್ರಾನುಗಳು ಹೊಮ್ಮುವುದು ಆ ಚುಕ್ಕೆಯಿಂದ. ತಣ್ಣಗಿರುವ ಆನೋಡು ಅವನ್ನು ಸ್ವೀಕರಿಸುತ್ತದೆಯೇ ಹೊರತು ತಾನಾಗಿ ಹೊಮ್ಮಿಸುವುದಿಲ್ಲ. ಹಾಗಾಗಿ ವಿದ್ಯುತ್ತಿಗೆ ಒಂದೇ ದಾರಿ. ಆವಿಯಾದ ಪಾದರಸ ಬುರುಡೆಯ ಗೋಡೆಗೆ ತಾಗಿ, ತಣಿದು, ಹನಿಹನಿಯಾಗಿ ತಳಕ್ಕೇ ಇಳಿಯುತ್ತದೆ. ಒಳಗೆಲ್ಲ ನೀಲಿ ಬೆಳಕು. ಯಂತ್ರಗಳಲ್ಲಿ ಇಷ್ಟು ಚೆಲುವಾದದ್ದು ಅಪರೂಪ.

ಆದರೆ ಆ ಚುಕ್ಕೆ ಬಲು ಚಂಚಲ. ಪ್ರವಾಹ ಕೆಲವೇ ಆಂಪಿಯರಿಗೆ ಇಳಿದರೆ ಆರಿಹೋಗುತ್ತದೆ. ಅದಕ್ಕೆಂದೇ, ನಂದಾದೀಪಕ್ಕೆ ಎಣ್ಣೆ ಹೊಯ್ದಂತೆ, ಪಕ್ಕದಲ್ಲೊಂದು ಪುಟ್ಟ ಆನೋಡು ಅದನ್ನು ಸದಾ ಉರಿಸುತ್ತಿರಬೇಕು. ಆರುವುದಕ್ಕಿಂತ ದೊಡ್ಡ ಪೀಡೆ ಹಿಮ್ಮುಖ ಕಿಡಿ. ಯಾವುದೋ ಗಳಿಗೆಯಲ್ಲಿ ಆನೋಡಿನ ಮೇಲೇ ಅಂಥ ಚುಕ್ಕೆ ಹುಟ್ಟಿತೆಂದರೆ ವಿದ್ಯುತ್ತು ಹಿಂದಕ್ಕೆ ನುಗ್ಗಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಯಾವಾಗ ಬರುತ್ತದೆಂದು ಹೇಳಬಲ್ಲವರಿಲ್ಲ. ವೋಲ್ಟೇಜು ಏರಿದಷ್ಟೂ ಅಪಾಯ ಹೆಚ್ಚು.

ಈ ಮೊಂಡು ಕಿಡಿಯ ಬೆನ್ನು ಹತ್ತಿದವನು ಸ್ವೀಡನ್ನಿನ ಆಸಿಯಾ ಕಂಪನಿಯ ಎಂಜಿನಿಯರ್ ಊನೋ ಲಾಮ್. ಅವನ ಉಪಾಯ ಕೇಳಲು ಸರಳ: ಆನೋಡಿಗೂ ಪಾದರಸಕ್ಕೂ ನಡುವೆ ಎಲೆಕ್ಟ್ರೋಡುಗಳ ಸಾಲನ್ನಿಟ್ಟು, ಭಾರೀ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚುವುದು. ಇದಕ್ಕೆ ಪೇಟೆಂಟ್ ಬೇಡಿದ್ದು 1929ರಲ್ಲಿ. ಅದನ್ನು ನಂಬುವಂತೆ ದುಡಿಸಲು ಹಿಡಿದದ್ದು ಸುಮಾರು 25 ವರ್ಷ! ಪೂರ್ಣ ಶಕ್ತಿಯ ಪರೀಕ್ಷೆ ಪ್ರಯೋಗಶಾಲೆಯಲ್ಲಿ ಸಾಧ್ಯವಿರಲಿಲ್ಲ. 1940ರ ದಶಕದಲ್ಲಿ ಟ್ರೋಲ್‌ಹೆಟ್ಟನ್ ವಿದ್ಯುತ್ ಕೇಂದ್ರದ ಬಳಿಗೇ ಹೋಗಬೇಕಾಯಿತು.

1954ರಲ್ಲಿ ಗಾಟ್ಲೆಂಡಿಗೆ 1 ಲಕ್ಷ ವೋಲ್ಟಿನಲ್ಲಿ 20 ಮೆಗಾವಾಟ್ ಹರಿಯಿತು. ಕೇಬಲ್ ಒಂದೇ, ಮರಳುವ ದಾರಿ ಸಮುದ್ರದ ನೀರೇ. ಹಿಮ್ಮುಖ ಕಿಡಿ ಆಗಲೂ ಪೂರ್ತಿ ನಿಂತಿರಲಿಲ್ಲ. ಅದು ಬಂದಾಗ ಹಾನಿಯಾಗದಂತೆ ಪ್ರವಾಹವನ್ನು ಬದಿಗೆ ತಿರುಗಿಸುವ ಏರ್ಪಾಟು ಮಾಡಿಕೊಂಡಿದ್ದರು, ಅಷ್ಟೆ.

ಅದೇ ಗಾಟ್ಲೆಂಡಿನಲ್ಲಿ 1970ರಲ್ಲಿ ಪಾದರಸದ ಪಕ್ಕಕ್ಕೆ ಸಿಲಿಕಾನಿನ ಥೈರಿಸ್ಟರ್ ಬಂದು ಕೂತಿತು. ಆರುವ ಭಯವಿಲ್ಲ, ಕುಣಿತವಿಲ್ಲ, ನೀಲಿ ಬೆಳಕೂ ಇಲ್ಲ. ದ್ವೀಪದ ಹಳೆಯ ವ್ಯವಸ್ಥೆ 1986ರಲ್ಲಿ ನಿಂತಿತು. ನ್ಯೂಜಿಲೆಂಡಿನ ಎರಡು ದ್ವೀಪಗಳನ್ನು ಬೆಸೆದಿದ್ದ ಪಾದರಸದ ಕವಾಟಗಳು ಮಾತ್ರ 2012ರವರೆಗೂ ಉಳಿದಿದ್ದವು.